ರುಚಿ ನೋಡುವವನ ರಕ್ತಪರೀಕ್ಷೆ

ಬೆಣ್ಣೆ ಬಿಸ್ಕತ್ತಿನ ಕಾರ್ಖಾನೆಯಲ್ಲಿ ರುಚಿ ನೋಡುವ ಕೆಲಸ ಯಾರಿಗೆ ಬೇಡ? ಡುಮ್ಮಣ್ಣ ಇಪ್ಪತ್ತು ವರ್ಷದಿಂದ ಆ ಕುರ್ಚಿ ಬಿಟ್ಟವನಲ್ಲ. ಅಂಥವನ ಅನ್ನಕ್ಕೆ ಕಲ್ಲು ಹಾಕಲು ಆ ಬೆಳಿಗ್ಗೆ ನೋಟಿಸು ಬಂತು: ಎಲ್ಲರಿಗೂ ರಕ್ತಪರೀಕ್ಷೆ, ಕೊಲೆಸ್ಟ್ರಾಲ್ ಹೆಚ್ಚಿದ್ದವರು ರುಚಿ ನೋಡುವಂತಿಲ್ಲ.

"ನಿನಗೆ ಸೂಜಿ ಯಾಕೋ? ನೋಡಿದ್ರೇ ಗೊತ್ತಾಗತ್ತೆ!" ಎಂದಳು ಪ್ಯಾಕಿಂಗಿನ ಅಕ್ಕ. ಓವನ್ ಮೇಸ್ತ್ರಿ ಆಗಲೇ ಕುರ್ಚಿಯ ಮೇಲೆ ಕೈಯಾಡಿಸುತ್ತಿದ್ದ.

ಡುಮ್ಮಣ್ಣನ ಕಣ್ಣು ಕಡ್ಡಿಯ ಮೇಲೆ ಬಿತ್ತು. ಕಡ್ಡಿ ಎರಡನೇ ಮಹಡಿಗೆ ಟ್ರೇ ಹೊರುವವನು. ಮೈಯಲ್ಲಿ ಹುಡುಕಿದರೂ ಚಿಟಿಕೆ ಕೊಬ್ಬಿಲ್ಲ.

"ಲೋ, ನಂಬರಿನ ಬಿಲ್ಲೆ ಬದಲಾಯಿಸ್ಕೊಳ್ಳೋಣ. ನನ್ನ ನಂಬರಿಗೆ ನೀನು ರಕ್ತ ಕೊಡು, ನಿನ್ನದಕ್ಕೆ ನಾನು."

"ಅಣ್ಣಾ, ಸಿಕ್ಕಿಬಿದ್ರೆ?"

"ರಕ್ತ ತೆಗೆಯೋನು ಕಾಂಪೌಂಡರ್, ರಿಪೋರ್ಟು ಓದೋದು ಡಾಕ್ಟರಮ್ಮ. ಯಾವ ನಂಬರು ಯಾರದು ಅಂತ ಇಬ್ಬರಿಗೂ ಗೊತ್ತಿಲ್ಲ. ಹೋಗೋ, ಹೆದರ್ಬೇಡ!"

ಬಿಲ್ಲೆ ಬದಲಾಯಿಸಿ ಇಬ್ಬರೂ ರಕ್ತ ಕೊಟ್ಟರು. ಮಧ್ಯಾಹ್ನ ಕೆಳಗೆ ಮ್ಯಾನೇಜರ ಕೋಣೆಗೆ ಕರೆ ಬಂತು. ಡುಮ್ಮಣ್ಣ ಶಿಳ್ಳೆ ಹಾಕುತ್ತ ಹೋದ.

"ಏನ್ರೀ ಇದು, ಮುನ್ನೂರ ಇಪ್ಪತ್ತು!" ಎಂದು ಗದರಿದರು ಡಾಕ್ಟರಮ್ಮ. "ಹೃದಯಕ್ಕೆ ರಕ್ತ ಒಯ್ಯೋ ನಾಳ ಹದವಾಗಿ ನಾದಿದ ಹಿಟ್ಟಿನ ಹಾಗಿರಬೇಕು. ಮೆಟ್ಟಿಲು ಹತ್ತುವಾಗ ಹಿಗ್ಗಬೇಕು. ಕೊಲೆಸ್ಟ್ರಾಲ್ ಏರಿದ್ರೆ ಅದರ ಒಳಗೋಡೆ ಕೆಡತ್ತೆ, ನಾಳ ನಿನ್ನೆಯ ಹಿಟ್ಟಿನ ಹಾಗೆ ಬಿಗಿಯುತ್ತೆ. ಬೇಕಾದಾಗ ಹಿಗ್ಗಲ್ಲ. ಮೆಟ್ಟಿಲು ಹತ್ತಿದ್ರೆ ಎದೆ ಹಿಂಡಿದಂಗೆ ಆಗಲ್ವಾ?"

"ನನಗೇನೂ ಆಗಲ್ಲ ಮೇಡಂ…"

ಅಷ್ಟು ಹೇಳುವಾಗಲೇ ಡುಮ್ಮಣ್ಣನಿಗೆ ಹೊಳೆಯಿತು. ದಿನಾ ಮೆಟ್ಟಿಲ ತುದಿಯಲ್ಲಿ ಎದೆ ನೀವಿಕೊಂಡು ನಿಲ್ಲುತ್ತಿದ್ದವನು ಕಡ್ಡಿ! "ಗ್ಯಾಸು ಅಣ್ಣಾ" ಎನ್ನುತ್ತಿದ್ದ, ಎಲ್ಲರೂ ನಗುತ್ತಿದ್ದರು.

"ಕಡ್ಡಿ ರಕ್ತ ಮಾತ್ರ ಚೊಕ್ಕ," ಎಂದರು ಮ್ಯಾನೇಜರು. "ಇನ್ಮೇಲೆ ರುಚಿ ನೋಡೋನು ಅವನೇ. ಆಗಲೇ ಮೇಲೆ ಕೂರಿಸಿದ್ದೀನಿ."

ಬಾಯಿಬಿಟ್ಟರೆ ಕೆಲಸ ಹೋಗುತ್ತದೆ, ಬಿಡದಿದ್ದರೆ ಕಡ್ಡಿಯೇ ಹೋಗುತ್ತಾನೆ. ಡುಮ್ಮಣ್ಣ ಎರಡು ಮಹಡಿ ಒಂದೇ ಉಸಿರಿಗೆ ಹತ್ತಿದ. ಕುರ್ಚಿಯಲ್ಲಿ ಕೂತ ಕಡ್ಡಿ ಆರನೇ ಬಿಸ್ಕತ್ತಿಗೆ ಬಾಯಿ ತೆರೆದಿದ್ದ.

"ಉಗಿಯೋ! ಆ ಮುನ್ನೂರ ಇಪ್ಪತ್ತು ನಿಂದು ಕಣೋ!"

ಇಡೀ ಮಹಡಿಗೆ ಕೇಳಿಸಿತು. ಹಿಂದೆಯೇ ಏದುಸಿರು ಬಿಡುತ್ತ ಬಂದ ಮ್ಯಾನೇಜರಿಗೂ ಕೇಳಿಸಿತು. ವಿಷಯ ತಿಳಿದ ಡಾಕ್ಟರಮ್ಮ ಕಡ್ಡಿಯನ್ನು ತಡಮಾಡದೆ ಆಸ್ಪತ್ರೆಗೆ ಕಳಿಸಿದರು. ಹೋಗುವಾಗ ಅವನು ಡುಮ್ಮಣ್ಣನ ಕೈ ಹಿಡಿದು ಅತ್ತೇಬಿಟ್ಟ.

"ಹಾಗಾದ್ರೆ ಆ ಚೊಕ್ಕ ರಕ್ತ ನಂದೇ ಅಲ್ವಾ ಸಾರ್?" ಎಂದು ಡುಮ್ಮಣ್ಣ ಮೆಲ್ಲಗೆ ಕುರ್ಚಿಯತ್ತ ಸರಿದ.

"ರಕ್ತದಲ್ಲಿ ಮೋಸ ಇಲ್ಲ ಕಣ್ರೀ, ನಿಮ್ಮಲ್ಲಿದೆ. ಕುರ್ಚಿ ಮೇಸ್ತ್ರಿಗೆ. ಕಡ್ಡಿ ಬರೋವರೆಗೂ ಟ್ರೇ ನೀವೇ ಹೊರಿ. ಒಂದೇ ಉಸಿರಿಗೆ ಹತ್ತೋದನ್ನ ನಾನೇ ನೋಡಿದ್ದೀನಲ್ಲ!"

ಸಂಜೆ ಡುಮ್ಮಣ್ಣ ಹನ್ನೆರಡನೇ ಟ್ರೇ ಇಳಿಸಿದಾಗ ಮೇಸ್ತ್ರಿ ಬಿಸ್ಕತ್ತು ಕಚ್ಚಿ ಮುಖ ಸಿಂಡರಿಸಿದ.

"ಬೆಣ್ಣೆ ಸ್ವಲ್ಪ ಕಮ್ಮಿ ಅಲ್ವಾ ಡುಮ್ಮಣ್ಣಾ? ವಾಸನೆ ನೋಡಿ ಹೇಳು."