ಠುಸ್ ಮೇಷ್ಟ್ರ ಕಿಡಿ

ಮನೆಯಲ್ಲೇ ಹೈವೋಲ್ಟೇಜ್ ಪವರ್ ಸಪ್ಲೈ ಕಟ್ಟಲು ಕೂತವನಿಗೆ ಸಲಹೆಗೂ ಬರವಿಲ್ಲ, ಅಪವಾದಕ್ಕೂ ಬರವಿಲ್ಲ. ನಾನು ತುಮಕೂರಿನಲ್ಲಿ ಫಿಸಿಕ್ಸ್ ಮೇಷ್ಟ್ರು. ಹೋದ ವರ್ಷ ಕಾಲೇಜಿನ ವಿಜ್ಞಾನ ಪ್ರದರ್ಶನದಲ್ಲಿ ಎರಡು ಕಂಬಿಗಳ ನಡುವೆ ಕಿಡಿ ಹಾರಿಸುತ್ತೇನೆಂದು ಜಂಬ ಕೊಚ್ಚಿ ಸ್ವಿಚ್ ಒತ್ತಿದರೆ 'ಠುಸ್' ಎಂದಿತ್ತು. ಅಂದಿನಿಂದ ಹುಡುಗರ ಬಾಯಲ್ಲಿ ನಾನು ಠುಸ್ ಮೇಷ್ಟ್ರು. ಈ ಸಲ ದಸರಾ ರಜೆ ಮುಗಿದ ಕೂಡಲೇ ಮತ್ತೆ ಪ್ರದರ್ಶನ. ಮಾನ ಉಳಿಯಬೇಕಾದರೆ ಕಿಡಿ ಹಾರಲೇಬೇಕು.

೧. ಚಿಕ್ಕಪ್ಪನ ಟಿವಿ

ಈ ಕೆಲಸಕ್ಕೆ ಹಳೇ ಡಬ್ಬಾ ಟಿವಿಯೊಳಗಿನ ಟ್ರಾನ್ಸ್‌ಫಾರ್ಮರ್ ಬೇಕು. ಗುಬ್ಬಿಯ ಚಿಕ್ಕಪ್ಪನ ಅಟ್ಟದಲ್ಲಿ ಅಂಥದ್ದೊಂದು ಟಿವಿ ಕೆಟ್ಟು ಕೂತಿತ್ತು. "ತಗೊಂಡೋಗ್ಲಾ, ನೀನಾದ್ರೂ ಉದ್ಧಾರ ಮಾಡು" ಎಂದು ಕೊಟ್ಟರು. ನಾನು ಬಿಚ್ಚಿ ಬೇಕಾದ್ದನ್ನು ಕಿತ್ತುಕೊಂಡೆ. ವಾರದ ಮೇಲೆ ಫೋನು.

"ಏನ್ಲಾ, ಏನಾದ್ರೂ ಬಂತಾ?"

"ಒಂಚೂರು ಕಿಡಿ ಬಂತು ಚಿಕ್ಕಪ್ಪ."

"ಹಂಗಾದ್ರೆ ಪಿಚ್ಚರ್ರೂ ಬತ್ತದೆ ಬುಡು. ಭಾನುವಾರ ಬಂದು ತಗೊಂಡೋಯ್ತೀನಿ."

೨. ಬಟವಾಡಿಯ ಕತ್ತಲೆ

ಊರಿನ ಬಟವಾಡಿ ಬಡಾವಣೆಯಲ್ಲಿ ನಮ್ಮದು ಬಾಡಿಗೆ ಮನೆ, ಓನರ್ ಮಹಡಿ ಮೇಲೆ. ಒಂದು ಸಂಜೆ ನಾನು ಸ್ವಿಚ್ ಒತ್ತುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಓನರ್ ಧಡಧಡ ಇಳಿದು ಬಂದರು.

"ಮೇಷ್ಟ್ರೇ, ನಿಮ್ ಮಿಷನ್ ಆಫ್ ಮಾಡಿ. ಮೇಲೆ ಸೀರಿಯಲ್ ನಿಂತೋಯ್ತು."

"ನಂದಲ್ಲ ಸಾರ್. ಇಡೀ ಬಟವಾಡಿಗೇ ಕರೆಂಟಿಲ್ಲ, ನೋಡಿ."

ಅವರು ಗೇಟಿನಾಚೆ ಇಣುಕಿ ಕತ್ತಲೆ ನೋಡಿದರು. ತಿರುಗಿದಾಗ ದನಿಯಲ್ಲಿ ಹೊಸ ಗೌರವ.

"ಅಷ್ಟ್ ದೊಡ್ಡದ್ ಮಾಡಿದೀರಾ?"

೩. ಮೂರು ಗೆರೆ

ಆಯುಧಪೂಜೆಯ ಹಿಂದಿನ ದಿನ ಕಿಡಿ ಚಟಚಟ ಹಾರಿತ್ತು. ಪೂಜೆಯ ಮಾರನೇ ದಿನ ಸ್ವಿಚ್ ಒತ್ತಿದರೆ ಬರೀ 'ಸುಯ್'. ಡಯೋಡ್ ಬದಲಿಸಿದೆ, ಕೆಪಾಸಿಟರ್ ಬದಲಿಸಿದೆ, ಬೆಸುಗೆ ಬಿಚ್ಚಿ ಮತ್ತೆ ಹಾಕಿದೆ. ಸುಯ್. ಕೊನೆಗೆ ಪ್ಲಗ್ ಕಿತ್ತು, ಇದನ್ನೆಲ್ಲ ಕೂರಿಸಿದ್ದ ಡಬ್ಬಿಯನ್ನೇ ತಿರುಗಿಸಿದೆ. ಎರಡು ಕಂಬಿ ನಿಲ್ಲಿಸಿದ್ದ ಪ್ಲಾಸ್ಟಿಕ್ ಹಲಗೆಯ ಹಿಂದೆ, ಈ ಕಂಬಿಯಿಂದ ಆ ಕಂಬಿಯವರೆಗೆ ದಪ್ಪಗೆ ಮೂರು ಗೆರೆ ವಿಭೂತಿ, ನಡುವೆ ಕುಂಕುಮ! ಮಳೆಯ ಥಂಡಿಗೆ ಅದಿನ್ನೂ ಒದ್ದೆ. ಕಿಡಿಯಾಗಬೇಕಿದ್ದ ಕರೆಂಟು ಆ ಗೆರೆಗುಂಟ ಆರಾಮಾಗಿ ಸೋರಿಹೋಗುತ್ತಿತ್ತು.

"ಅಮ್ಮಾ, ಇದಕ್ಕೂ ಪೂಜೆ ಮಾಡಿದ್ಯಾ?"

"ಮಿಕ್ಸಿಗೆ, ಸ್ಕೂಟರ್‌ಗೆ ಮಾಡಿ ಇದೊಂದನ್ನ ಬಿಟ್ರೆ ಚೆಂದವೇನೋ?"

ಉಜ್ಜಿ ಒರೆಸಿ, ಒಣಗಿಸಿ, ಸ್ವಿಚ್ ಒತ್ತಿದೆ. ಚಟ್! ನೀಲಿ ಕಿಡಿ. ಪ್ರದರ್ಶನದಲ್ಲೂ ಹಾರಿತು. ನನ್ನನ್ನು ಠುಸ್ ಎನ್ನುತ್ತಿದ್ದ ಹುಡುಗರೇ ಶಿಳ್ಳೆ ಹೊಡೆದರು. ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಬಂದರೆ ಬಾಗಿಲಲ್ಲೇ ಅಮ್ಮ, ಕೈಯಲ್ಲಿ ವಿಭೂತಿ ಬಟ್ಟಲು.

"ಪೂಜೆ ಮಾಡಿದ್ದಕ್ಕೇ ನಿನ್ ಮಾನ ಉಳೀತು ಕಣೋ. ಮುಚ್ಚಳ ತೆಗಿ, ಈ ಸಲ ಒಳಗೂ ಹಚ್ತೀನಿ."