ಅತ್ತೆ ಅಂಗಳ ಸಪಾಟು ಮಾಡಿದ್ದು

ನಮ್ಮ ಸೋದರತ್ತೆ ತನ್ನ ಟ್ರ್ಯಾಕ್ಟರಿನ ಹಿಂದೆ ಇನ್ನೂ ಕಟ್ಟದೆ ಬಿಟ್ಟಿರುವುದು ಮಾವನನ್ನು ಮಾತ್ರ. ನನ್ನನ್ನು ಕಟ್ಟಿ ಆಗಿದೆ. ಅದೂ ಒಂದು ದಿನವಲ್ಲ, ಮೂರು ಭಾನುವಾರ. ಯಾಕೆ ಅಂತ ಕೇಳಿದರೆ ಅವಳ ಹತ್ತಿರ ಉತ್ತರ ಸಿದ್ಧವಿದೆ: ಅಂಗಳ ಸಪಾಟಾಗಬೇಕಿತ್ತು, ನಾನು ಭಾರ ಇದ್ದೆ!

ಈಕೆ ನಮ್ಮ ಅಪ್ಪನ ತಂಗಿ. ವಯಸ್ಸು ಅರವತ್ತು ದಾಟಿದೆ. ಊರು ಸಂಪಗಾಂವದ ಹತ್ತಿರದ ಒಂದು ಹಳ್ಳಿ. ಮಾವ ಮುನವಳ್ಳಿಯ ಸಾಲೆಯಲ್ಲಿ ಕನ್ನಡ ಮಾಸ್ತರರಾಗಿದ್ದು ನಿವೃತ್ತರಾದವರು. ಎರಡು ವರ್ಷದ ಹಿಂದೆ ಅವರಿಗೆ ಲಕ್ವಾ ಹೊಡೆಯಿತು. ಮಾತು ಬೇಗ ಮರಳಿತು, ಎಡಗಾಲು ಮಾತ್ರ ಹಟ ಹಿಡಿಯಿತು. ಬೆಳಗಾವಿಯ ಡಾಕ್ಟರು, "ದಿನಾ ಮುಂಜಾನೆ ಹುಲ್ಲಿನ ಮ್ಯಾಲೆ ಬರಿಗಾಲಲೆ ಅಡ್ಡಾಡಸ್ರಿ. ಹಂಗ ಮಾಡಿದ್ರ ತಾವ ನಡೀತಾರ" ಎಂದು ಹೇಳಿ ಕಳಿಸಿದರು.

ಡಾಕ್ಟರ ಮನಸ್ಸಿನಲ್ಲಿದ್ದದ್ದು ಯಾವುದೋ ಉದ್ಯಾನದ ಹುಲ್ಲು ಇರಬೇಕು. ನಮ್ಮ ಕಡೆ ಅದು ಎಲ್ಲಿಂದ ಬರಬೇಕು? ಕಪ್ಪು ಮಣ್ಣಿನ ಈ ಎರಿ ಭೂಮಿಯ ರೈತ ಆಯುಷ್ಯವಿಡೀ ಮಾಡುವುದು ಹುಲ್ಲು ಕೀಳುವ ಕೆಲಸ. ಕರಿಕಿ ಅನ್ನುವ ಗರಿಕೆಯ ಹೆಸರೆತ್ತಿದರೆ ಸಾಕು, ಎಂಥ ಸಾಧುವಿನ ಬಾಯಿಯಿಂದಲೂ ಬೈಗುಳ ಹೊರಡುತ್ತದೆ. ಅಂಥ ಊರಿನಲ್ಲಿ ಅತ್ತೆ ಹೊಲದ ಬದುವಿನಿಂದ ಕರಿಕಿಯನ್ನು ಬುಟ್ಟಿಗಟ್ಟಲೆ ತಂದು ಮನೆಯ ಮುಂದೆ ನಾಟಿ ಮಾಡಿ, ನೀರು ಹಾಯಿಸಿದಳು. ದಾರಿಯಲ್ಲಿ ಹೋಗುವವರು ನಿಂತು ನೋಡಿ, "ಮಾಸ್ತರಗ ಕಾಲಿಗಿ ಆಗೇತಿ, ಇವರಿಗಿ ತಲಿಗಿ" ಅಂದುಕೊಂಡು ಹೋದರು.

ಹುಲ್ಲು ಬಂತು. ಮಾವ ಕೋಲು ಹಿಡಿದು ಇಳಿದರು. ಮೂರನೆಯ ದಿನ ಒಂದು ತಗ್ಗಿನಲ್ಲಿ ಕಾಲು ಹೋಗಿ ಬಿದ್ದರು. ಪೆಟ್ಟೇನೂ ಆಗಲಿಲ್ಲ. ಆದರೆ ಮೂವತ್ತು ವರ್ಷ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ ಮನುಷ್ಯ ಓಣಿಯವರ ಕಣ್ಣೆದುರು ನೆಲಕ್ಕೆ ಬಿದ್ದಿದ್ದರು. ಎಬ್ಬಿಸಿ ತಂದು ಕಟ್ಟೆಯ ಮೇಲಿನ ಕುರ್ಚಿಯಲ್ಲಿ ಕೂಡಿಸಿದರೆ, "ಇನ್ನ ನಾ ಅಡ್ಡಾಡೂದಿಲ್ಲ" ಅಂದುಬಿಟ್ಟರು.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ತಪ್ಪು ನಿಮ್ಮ ಕಾಲಿಂದಲ್ರಿ, ನೆಲದ್ದು. ನೆಲಾ ನಾ ನೋಡ್ಕೋತೇನಿ, ನಡಿಯೂದು ನೀವು ನೋಡ್ಕೋರಿ."

ನಾವೆಲ್ಲ ಒಂದೇ ಸಲಹೆ ಕೊಟ್ಟೆವು. ಹುಲ್ಲು ಗಿಲ್ಲು ಬಿಟ್ಟು ಅಂಗಳಕ್ಕೆಲ್ಲ ಫರಸಿ ಕಲ್ಲು ಹಾಕಿಸು, ಕನ್ನಡಿಯಂತೆ ಸಪಾಟಾಗುತ್ತದೆ. ಅತ್ತೆ ನನ್ನನ್ನು ದಡ್ಡನನ್ನು ನೋಡಿದ ಹಾಗೆ ನೋಡಿದಳು.

"ಫರಸಿ ಮ್ಯಾಲೆ ಬಿದ್ರ ತಲಿ ಒಡೀತೈತಿ. ಹುಲ್ಲಿನ ಮ್ಯಾಲೆ ಬಿದ್ರ ಮಣ್ಣ ಹತ್ತತೈತಿ. ಮಣ್ಣ ನಾ ಝಾಡಿಸ್ತೇನಿ."

ಇದಕ್ಕೆ ಏನು ಹೇಳುತ್ತೀರಿ? ನಾನಂತೂ ಚಹಾ ಕುಡಿದು ಎದ್ದು ಬಂದೆ.

ಮನೆಯಲ್ಲಿ ಟ್ರ್ಯಾಕ್ಟರ್ ಇತ್ತು. ಓಡಿಸುವವನು ಪಕ್ಕದ ಮನೆಯ ದಸ್ತಗೀರ, ಅತ್ತೆಯನ್ನು ಅಕ್ಕಾರ ಅಂತ ಕರೆಯುವ ಸಂಭಾವಿತ. ಬಿತ್ತನೆಯ ದಿನಗಳಲ್ಲಿ ಅಂಗಳ ಕೆರೆಯುತ್ತ ಕೂಡಲು ಅವನಿಗೆ ಪುರಸೊತ್ತೆಲ್ಲಿ? "ಹಂಗಾರ ನನಗ ಕಲಸು" ಅಂದಳು. ನಾಲ್ಕು ದಿನದಲ್ಲಿ ಕಲಿತಳು. ಐದನೆಯ ದಿನ ಟ್ರ್ಯಾಕ್ಟರಿನ ಹಿಂದೆ ಬ್ಲೇಡು ಕಟ್ಟಿಕೊಂಡು, ಇಳಕಲ್ ಸೀರೆಯ ಕಚ್ಚೆ ಹಾಕಿ, ಅಂಗಳಕ್ಕೆ ಇಳಿದಳು. ಬ್ಲೇಡು ದಿಬ್ಬ ಕೆರೆಯಿತು. ದಿಬ್ಬದ ಜೊತೆ ಹುಲ್ಲನ್ನೂ ಕೆರೆಯಿತು. ಹುಲ್ಲಿನ ಜೊತೆ ಕಂಪೌಂಡಿನ ಒಂದು ಮೂಲೆಯನ್ನೂ ಕೆಡವಿತು.

"ಅಕ್ಕಾರ, ಬ್ರೇಕ್ ಒತ್ರಿ ಅಂತ ಎಷ್ಟ ಒದರಿದ್ನಿ, ಕೇಳಸಲಿಲ್ಲೇನ್ರಿ?" ಎಂದ ದಸ್ತಗೀರ.

"ಕೇಳಿಸ್ತು. ಗ್ವಾಡಿ ಬುಡಕ ಒಂದ ದಿಬ್ಬ ಉಳದಿತ್ತು" ಎಂದಳು ಅತ್ತೆ.

ಮತ್ತೆ ಕರಿಕಿ ನಾಟಿ ಆಯಿತು. ಈ ಸಲ ಬ್ಲೇಡು ಬೇಡ, ಕೊರಡು ಎಳೆಯೋಣ ಎಂದಳು. ಹೊಲದ ಹೆಂಟೆ ಒಡೆಯಲು ಎಳೆಯುವ ದಪ್ಪ ಮರದ ದಿಮ್ಮಿ ಅದು. ಮೇಲೆ ಯಾರಾದರೂ ನಿಂತರೇನೇ ಅದಕ್ಕೆ ಒತ್ತು ಬೀಳುವುದು. ಬೈಲಹೊಂಗಲದಲ್ಲಿ ನೌಕರಿ ಮಾಡಿಕೊಂಡು ತಣ್ಣಗಿದ್ದ ನನಗೆ ಫೋನು ಬಂತು. ಹೆಂಡತಿಯಿಂದ ಹಿಡಿದು ದರ್ಜಿಯವರೆಗೆ ಎಲ್ಲರೂ ಹಳಿದಿರುವ ನನ್ನ ತೂಕವನ್ನು ಮೆಚ್ಚಿದ ಏಕೈಕ ಹೆಣ್ಣುಮಗಳು ನಮ್ಮ ಅತ್ತೆ.

"ಅಳ್ಯಾ, ನಿನ್ನಂಥಾ ವಜ್ಜಿ ಈ ಸೀಮ್ಯಾಗ ಇಲ್ಲೋ. ಹತ್ತ ಮ್ಯಾಲೆ."

ಹತ್ತಿದೆ. ಮೊದಲ ಭಾನುವಾರ ಕಣ್ಣು, ಕಿವಿ, ಮೂಗಿನೊಳಗೆಲ್ಲ ಎರಿ ಮಣ್ಣು ತುಂಬಿಕೊಂಡು ಮನೆಗೆ ಹೋದೆ. ಎರಡನೆಯ ಭಾನುವಾರ ಅವಳು ಗಕ್ಕನೆ ಬ್ರೇಕ್ ಒತ್ತಿದಳು, ನಾನು ಹಾರಿ ಬಿದ್ದೆ. ಅತ್ತೆ ಇಳಿದು ಓಡಿಬಂದಳು. ನನ್ನನ್ನು ನೋಡಲಿಲ್ಲ, ನಾನು ಬಿದ್ದ ಜಾಗ ನೋಡಿದಳು. "ಎರಡ ಬುಟ್ಟಿ ಮಣ್ಣ ಬೇಕಾಗತೈತಿ ಇದಕ್ಕ" ಅಂದಳು. ಕಟ್ಟೆಯ ಮೇಲಿದ್ದ ಮಾವ ಹೆಗಲು ಕುಣಿಸಿ ನಗುತ್ತಿದ್ದರು. ಲಕ್ವಾ ಹೊಡೆದ ಮೇಲೆ ಅವರು ನಕ್ಕದ್ದನ್ನು ನಾವು ಕಂಡಿರಲಿಲ್ಲ. ಅತ್ತೆ ಅತ್ತ ಒಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಂದು, "ಮುಂದಿನ ಐತವಾರ ಮತ್ತ ಬೀಳತೀಯೇನೋ?" ಎಂದು ಕೇಳಿದಳು. ಇಲ್ಲ ಅನ್ನುವುದು ಹೇಗೆ?

ಆದರೆ ಎರಿ ಭೂಮಿ ಯಾರ ಮಾತು ಕೇಳಿದೆ? ಮಳೆ ಬಿದ್ದರೆ ಉಬ್ಬುತ್ತದೆ, ಬಿಸಿಲು ಬಿದ್ದರೆ ಮುಂಗೈ ಇಳಿಯುವಷ್ಟು ಬಿರಿಯುತ್ತದೆ. ಒಂದು ಮಳೆಗಾಲ ಮುಗಿಯುವುದರೊಳಗೆ ಅಂಗಳದ ತಗ್ಗು ದಿಬ್ಬಗಳೆಲ್ಲ ವಾಪಸು ಬಂದು ಕೂತವು. ಬೇರೆಯವರಾಗಿದ್ದರೆ ಕೈ ಮುಗಿದುಬಿಡುತ್ತಿದ್ದರು. ಅತ್ತೆ ಉಬ್ಬದ, ಬಿರಿಯದ ಜಲ್ಲಿಮಣ್ಣು ಗರಸನ್ನು ಎರಡು ಟ್ರೇಲರ್ ತರಿಸಿ, ರೋಟಾವೇಟರ್ ಕಟ್ಟಿ ಮಣ್ಣಿನಲ್ಲಿ ಕಲಸಿ, ಮೂರನೆಯ ಸಲ ಕರಿಕಿ ಹಚ್ಚಿದಳು. ಹಳೆಯ ಸಿಮೆಂಟ್ ಪೈಪಿನೊಳಗೆ ಕಾಂಕ್ರೀಟು ತುಂಬಿ, ನಡುವೆ ಕಬ್ಬಿಣದ ಸಲಾಕೆ ತೂರಿಸಿ ದಸ್ತಗೀರ ರೋಡ್ ರೋಲರಿನಂಥ ಒಂದು ರೂಲು ಮಾಡಿಕೊಟ್ಟ. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಅದನ್ನು ಉರುಳಿಸುವುದು ಶುರುವಾಯಿತು. ಓಣಿಯ ಹೆಣ್ಣುಮಕ್ಕಳು ಹಲಗೆಯ ಮೇಲಿನ ಪಾತ್ರೆಗಳನ್ನು ಕೆಳಗಿಳಿಸಿಟ್ಟರು.

"ಯಕ್ಕಾ, ನಮ್ಮ ಮನಿ ಅಲಗ್ಯಾಡಾಕ ಹತ್ತೈತಿ" ಎಂದು ಎದುರು ಮನೆಯವಳು ಜಗಳಕ್ಕೇ ಬಂದಳು.

"ನಮ್ಮವರು ನಡ್ಯಾಕ ಹತ್ತಿದ ದಿನಾ ನಿಲ್ಲಸ್ತೇನವಾ" ಎಂದಳು ಅತ್ತೆ, ಗೇರು ಬದಲಿಸುತ್ತ. ಆ ಹೆಂಗಸು ಹೋಗಿ ತನ್ನ ಉಳಿದ ಪಾತ್ರೆಗಳನ್ನೂ ಕೆಳಗಿಳಿಸಿಟ್ಟಳು.

ಚಳಿಗಾಲದ ಒಂದು ಮುಂಜಾನೆ ಅತ್ತೆ ಕುರ್ಚಿಯ ಮುಂದೆ ನಿಂತು, "ಏಳ್ರಿ. ನೆಲಾ ತಯಾರ ಆಗೇತಿ" ಎಂದಳು. ಮಾವ ಅಂಗಳದ ಈ ತುದಿಯಿಂದ ಆ ತುದಿಯತನಕ ನೋಡಿದರು. ನೆಪಕ್ಕೆ ಒಂದು ತಗ್ಗೂ ಸಿಗಲಿಲ್ಲ. ಬಲಗೈಯಲ್ಲಿ ಕೋಲು, ಎಡಗೈ ಅತ್ತೆಯ ಕೈಯಲ್ಲಿ, ನಾಲ್ಕು ಹೆಜ್ಜೆ ಇಟ್ಟರು. ಮರುದಿನ ಹತ್ತು. ತಿಂಗಳು ತುಂಬುವುದರೊಳಗೆ ಅತ್ತೆಯ ಕೈ ಬಿಟ್ಟು, ಬಾಗಿಲಿನಿಂದ ಬೇವಿನ ಗಿಡದವರೆಗೆ ತಾವೊಬ್ಬರೇ ಹೋಗಿ ಬಂದರು. ನನಗೆ ಅಳು ಬಂತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಬೇರೆ ಯಾರದೇ ಅತ್ತೆಯಾಗಿದ್ದರೂ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಮುಂದಿನ ಭಾನುವಾರ ಹೋಗಿ ನೋಡುತ್ತೇನೆ, ಅತ್ತೆ ಟ್ರ್ಯಾಕ್ಟರಿಗೆ ನೇಗಿಲು ಕಟ್ಟಿಕೊಂಡು, ಅಷ್ಟು ಕಷ್ಟಪಟ್ಟು ಸಪಾಟು ಮಾಡಿದ ಅಂಗಳವನ್ನು ಬೇವಿನ ಗಿಡದ ಕಡೆಯಿಂದ ಉಳುತ್ತಿದ್ದಾಳೆ! ಅರ್ಧ ಅಂಗಳ ಬರೀ ಹೆಂಟೆ.

"ಅತ್ತಿ, ತಲಿ ಕೆಟ್ಟೈತೇನ ನಿನಗ?" ಎಂದು ಕೂಗಿದೆ.

"ಇವ್ರು ಕಡೀತನಾ ಅಂಗಳದಾಗ ತಿರಗಬೇಕೇನು? ಪ್ಯಾಟಿಗಿ ಹೋಗಬೇಕು, ಸಿರಸಂಗಿ ಗುಡಿಗಿ ಹೋಗಬೇಕು. ಅಲ್ಲೀಮಟಾ ನಾ ರೂಲ್ ಹೊಡಕೋತ ಹೋಗ್ಲೇನು?"

ಮಾವ ಇದನ್ನೆಲ್ಲ ಕೇಳಿಸಿಕೊಂಡು, ಕೋಲು ತೆಗೆದುಕೊಂಡು ಕಟ್ಟೆ ಇಳಿದರು. ಸಪಾಟಾದ ಅರ್ಧವನ್ನು ದಾಟಿ ಹೆಂಟೆಗಳ ಅಂಚಿಗೆ ಬಂದು ನಿಂತರು. ಅತ್ತೆ ಟ್ರ್ಯಾಕ್ಟರಿನಿಂದ ಜಿಗಿದು ಬಂದು ಕೈ ಚಾಚಿದಳು. ಮಾವ ಹಿಡಿಯಲಿಲ್ಲ. ಕೋಲಿನಿಂದ ಹೆಂಟೆ ತಟ್ಟಿ ನೋಡಿ, ಎಡಗಾಲು ಎತ್ತಿ ಇಟ್ಟರು. ಎರಡು ಸಲ ತೂರಾಡಿದರು. ಬೇವಿನ ಗಿಡ ಮುಟ್ಟಿ, ತಿರುಗಿ ನಿಂತು, ಅತ್ತೆಯನ್ನು ನೋಡಿದರು.

ಅವಳು ಚಾಚಿದ ಕೈ ಚಾಚಿದಂತೆಯೇ ನಿಂತಿದ್ದಳು. ಆಮೇಲೆ ಮಣ್ಣು ಹತ್ತಿದೆಯೇನೋ ಎಂಬಂತೆ ಅದನ್ನು ಸೀರೆಗೆ ಒರೆಸಿಕೊಂಡಳು. ಗೆದ್ದವರ ಮುಖ ಹಾಗಿರುವುದಿಲ್ಲ. ಇಷ್ಟು ದಿನ ಅವಳು ಹಟ ಹಿಡಿದದ್ದು ಇದಕ್ಕೇ. ಕೊನೆಗೆ ಅದು ಸಿಕ್ಕಾಗ ಅವಳ ಕೈಯಲ್ಲಿ ಹಿಡಿಯಲು ಏನೂ ಉಳಿದಿರಲಿಲ್ಲ.

ಮಾವ ಹೆಂಟೆಗಳನ್ನು ದಾಟಿ ವಾಪಸು ಬಂದರು. ಸಪಾಟಾದ ಹುಲ್ಲಿನ ಮೇಲೆ ಕಾಲಿಟ್ಟರು. ಅತ್ತೆಯ ಎದುರಿಗೆ ಬರುತ್ತಿದ್ದಂತೆ, ತುಂಬಿದ ತಂಬಿಗೆ ಇಟ್ಟರೂ ನೀರು ತುಳುಕದಂಥ ಆ ಜಾಗದಲ್ಲಿ, ಎಡವಿದರು. ಎಡವಿ ಅವಳ ಕೈ ಹಿಡಿದುಕೊಂಡರು.

ಅತ್ತೆ ಬಗ್ಗಿ ನೆಲ ನೋಡಿದಳು. "ಇಲ್ಲಿ ತೆಗ್ಗ ಇಲ್ಲಲ್ರೀ?"

"ಐತಿ" ಎಂದರು ಮಾವ. "ನಿನಗ ಕಾಣಾಂಗಿಲ್ಲ. ಹಿಡ್ಕೋ."

ಅತ್ತೆ ಮತ್ತೆ ನೆಲ ನೋಡಲಿಲ್ಲ. ಇಬ್ಬರೂ ಕೈ ಹಿಡಿದುಕೊಂಡು ನಿಧಾನವಾಗಿ ಬಾಗಿಲತನಕ ನಡೆದರು. ಟ್ರ್ಯಾಕ್ಟರ್ ಇನ್ನೂ ಚಾಲೂ ಇತ್ತು. ನಾನೇ ಹೋಗಿ ಬಂದ್ ಮಾಡಿದೆ.