ಚಕ್ರದಡಿಯ ಕಲ್ಲು

ಗಿಲ್ಬರ್ಟ್ ರಾಂಕಿನ್ ಮೇಷ್ಟ್ರ ಕಾರಿನ ಹ್ಯಾಂಡ್‌ಬ್ರೇಕು ಒಂದು ರಾತ್ರಿ ಹಿಡಿದರೆ ಹೆಚ್ಚು. ದಿಬ್ಬದ ಮೇಲಿನ ಮನೆಯೆದುರು ಕಾರನ್ನು ನಿಜವಾಗಿ ತಡೆದು ನಿಲ್ಲಿಸುತ್ತಿದ್ದುದು ಚಕ್ರದಡಿಯ ಒಂದು ಕಲ್ಲು. ಆ ಭಾನುವಾರ ಕಲ್ಲು ಇರಲಿಲ್ಲ. ಚಹಾ ಹಿಡಿದು ಕಿಟಕಿಗೆ ಬಂದ ಮೇಷ್ಟ್ರಿಗೆ ಕಾರು ತನ್ನಷ್ಟಕ್ಕೆ ಹೊರಟದ್ದು ಕಂಡಿತು.

ಆ ಸ್ಕಾಟಿಷ್ ದ್ವೀಪದಲ್ಲಿ ಭಾನುವಾರ ದೇವರ ದಿನ, ಚಕ್ರ ಉರುಳುವಂತಿಲ್ಲ. ಮಕ್ಕಳ ಉಯ್ಯಾಲೆಗೂ ಬೀಗ. ಸಾಲದ್ದಕ್ಕೆ, ಮೇಷ್ಟ್ರ ಭೌತಶಾಸ್ತ್ರದ ಕೆಲಸ ಕಾಯಂ ಆಗಬೇಕಾದ್ದು ಮರುದಿನದ ಸಭೆಯಲ್ಲೇ. ಶಾಲಾ ಸಮಿತಿಯ ಅಧ್ಯಕ್ಷರು ಪಾದ್ರಿ ಮಕಾಸ್ಕಿಲ್. ಮೇಷ್ಟ್ರು ಮನೆಚಪ್ಪಲಿಯಲ್ಲೇ ಓಡಿ, ಕಾರಿನೊಳಗೆ ಹಾರಿ, ಕಾಲಿನ ಬ್ರೇಕು ತುಳಿದರು. ಕಾರು ನಿಂತಿತು, ಸರಿಯಾಗಿ ದಿಬ್ಬದ ಕೆಳಗಿನ ಚರ್ಚಿನ ಬಾಗಿಲಲ್ಲಿ. ಪ್ರಾರ್ಥನೆಗೆ ಬಂದ ಊರೆಲ್ಲ ಅಲ್ಲೇ ಇತ್ತು.

"ಭಾನುವಾರ ಕಾರು ಓಡಿಸ್ತೀರಾ ಮೇಷ್ಟ್ರೇ?" ಪಾದ್ರಿಗಳು ಕೇಳಿದರು.

"ಓಡಿಸ್ಲಿಲ್ಲ ಸ್ವಾಮಿ. ಇಂಜಿನ್ ಮುಟ್ಟಿ ನೋಡಿ, ತಣ್ಣಗಿದೆ. ಅದಾಗೇ ಬಂತು."

ಪಾದ್ರಿಗಳು ಮುಟ್ಟಿ ನೋಡಿದರು. "ನಿಂತ ವಸ್ತು ಹೊರಗಿನ ಬಲ ಇಲ್ದೆ ಕದಲಲ್ಲ ಅಂತ ಮಕ್ಕಳಿಗೆ ಬಾಯಿಪಾಠ ಮಾಡ್ಸೋರು ನೀವೇ ಅಲ್ವಾ?"

"ಹೌದು, ಆದ್ರೆ ಗುರುತ್ವಾಕರ್ಷಣೆ..."

"ಅದು ನಿನ್ನೆನೂ ಇತ್ತಲ್ರೀ," ಎಂದ ಅಂಚೆ ಹಂಚುವ ಟಾರ್ಕ್ವಿಲ್. "ನಿನ್ನೆ ಯಾಕೆ ಉರುಳ್ಲಿಲ್ಲ?"

"ಚಕ್ರದ ಕೆಳಗೆ ಕಲ್ಲಿತ್ತು. ಈಗಿಲ್ಲ. ಯಾರು ತೆಗೆದ್ರೋ ಗೊತ್ತಿಲ್ಲ."

"ಹಾಗಾದ್ರೆ ಒಂದೋ ನೀವು ತೆಗೆದ್ರಿ," ಎಂದರು ಪಾದ್ರಿಗಳು, "ಇಲ್ಲಾ ಮೇಲಿನೋನು ತೆಗೆದ. ಯಾರು ಹೇಳಿ."

ಇಪ್ಪತ್ತು ವರ್ಷದಿಂದ ದೇವರನ್ನು ಒಪ್ಪದಿದ್ದ ಮೇಷ್ಟ್ರು ನಾಳೆಯ ಸಭೆಯನ್ನು ನೆನೆದು, "ಮೇಲಿನೋನೇ ಇರ್ಬೇಕು," ಎಂದರು.

ಹೆಂಗಸರು ಕಣ್ಣೊರೆಸಿಕೊಂಡರು. ಮೇಷ್ಟ್ರನ್ನು ಮನೆಚಪ್ಪಲಿಯಲ್ಲೇ ಮುಂದಿನ ಬೆಂಚಿಗೆ ಕೂರಿಸಿದರು. ಎರಡೂವರೆ ಗಂಟೆಯ ಪ್ರಾರ್ಥನೆ ಮುಗಿದ ಮೇಲೆ ಪಾದ್ರಿಗಳು ಬಂದು ಹೆಗಲ ಮೇಲೆ ಕೈಯಿಟ್ಟರು.

"ಕೆಲಸ ಕಾಯಂ ಅಂತ ತಿಳ್ಕೊಳ್ಳಿ."

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು.

"ಆದ್ರೆ ದೇವರೇ ಖುದ್ದಾಗಿ ಎಳ್ಕೊಂಡು ಬಂದೋರನ್ನ ಭೌತಶಾಸ್ತ್ರಕ್ಕೆ ಹಾಕೋದು ಸರಿಯಲ್ಲ. ನೀವು ಬೈಬಲ್ ಪಾಠ ಮಾಡಿ. ಭೌತಶಾಸ್ತ್ರ ಟಾರ್ಕ್ವಿಲ್ ನೋಡ್ಕೊಳ್ತಾನೆ. ಪ್ರಶ್ನೆ ಚೆನ್ನಾಗಿ ಕೇಳ್ತಾನೆ."

ಕಾರನ್ನು ಸೋಮವಾರದವರೆಗೆ ಮುಟ್ಟುವಂತಿರಲಿಲ್ಲ. ಮೇಷ್ಟ್ರು ನಡೆದೇ ದಿಬ್ಬ ಹತ್ತಿದರು. ಮಂಡಿನೋವೆಂದು ಚರ್ಚಿಗೆ ಬಾರದ ನೆರೆಮನೆಯ ಪೆಗ್ಗಿ ಅಜ್ಜಿ ಅಂಗಳದಲ್ಲಿ ಕೂತಿದ್ದಳು. ಪಕ್ಕದಲ್ಲಿ ಬೋರಲು ಹಾಕಿದ ಬುಟ್ಟಿ, ಅದರ ಮೇಲೆ ಮೇಷ್ಟ್ರ ಕಾರಿನ ಕಲ್ಲು. ಬುಟ್ಟಿಯೊಳಗೆ ಹುಂಜ ಗೊಣಗುತ್ತಿತ್ತು.

"ನಿನ್ನೆ ಸಂಜೆ ತಗೊಂಡೆ ಮಗಾ," ಎಂದಳು ಅಜ್ಜಿ. "ಭಾನುವಾರ ಇದು ಹೇಂಟೆ ಹತ್ರ ಹೋಗಬಾರ್ದಲ್ಲ, ಅದಕ್ಕೆ. ಕೇಳದೆ ತಗೊಂಡೆ ಅಂತ ಪಾದ್ರಿಗಳಿಗೆ ಹೇಳ್ಬೇಡಪ್ಪ."

ಮೇಷ್ಟ್ರು ಕಲ್ಲನ್ನು ಬುಟ್ಟಿಯ ಮೇಲೆ ಇನ್ನಷ್ಟು ಭದ್ರವಾಗಿ ಕೂರಿಸಿದರು.

"ಹೇಳಿದ್ರೂ ಈಗ ಯಾರೂ ನಂಬಲ್ಲ ಅಜ್ಜಿ," ಎಂದರು.